ಗಣಕರೆಂಬ ಮನುಷ್ಯರು

ಗಣಕ ಎಂಬ ಶಬ್ದವನ್ನು ಕೇಳಿದೊಡನೆ ಇಂದಿನ ಓದುಗರ ಕಣ್ಣ ಮುಂದೆ ಬಂದು ನಿಲ್ಲುವುದು ಒಂದು ಯಂತ್ರ. ಆದರೆ ಆ ಶಬ್ದವು ಯಂತ್ರಕ್ಕಿಂತ ಅನೇಕ ಶತಮಾನಗಳಷ್ಟು ಹಳೆಯದು; ತನ್ನ ದೀರ್ಘಾಯುಸ್ಸಿನ ಬಹುಭಾಗವನ್ನು ಅದು ಮನುಷ್ಯನ ಹೆಸರಾಗಿಯೇ ಕಳೆದಿದೆ. ಗಣಕನೆಂದರೆ ಎಣಿಸಬಲ್ಲವನು, ಗ್ರಹಗತಿಯನ್ನು ಗುಣಿಸಿ ಭಾಗಿಸಿ ಪಂಚಾಂಗವನ್ನು ಕಟ್ಟಬಲ್ಲವನು, ಆಯವ್ಯಯದ ಕಡತವನ್ನು ತಪ್ಪಿಲ್ಲದೆ ಇಡಬಲ್ಲವನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ರಚಿಸಿದುದು ಇಂತಹ ವೃತ್ತಿಯವರಿಗೂ ಒದಗಲೆಂದೇ ಇರಬೇಕು. ಇಂಗ್ಲಿಷಿನ ಕಂಪ್ಯೂಟರ್ ಎಂಬ ಪದದ ಚರಿತ್ರೆಯೂ ಇದೇ ಬಗೆಯದು: ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಅದು ವೀಕ್ಷಣಾಲಯಗಳಲ್ಲಿಯೂ ವಿಮಾನ ಸಂಶೋಧನೆಯ ಕೇಂದ್ರಗಳಲ್ಲಿಯೂ ಸಂಬಳಕ್ಕೆ ಕುಳಿತು ಲೆಕ್ಕ ಮಾಡುತ್ತಿದ್ದ ಮನುಷ್ಯರ ಹುದ್ದೆಯ ಹೆಸರಾಗಿದ್ದಿತು. ಆ ಹುದ್ದೆಯು ಲೋಕದಿಂದ ಅಳಿದುಹೋಯಿತು. ಅದರ ಹೆಸರನ್ನು ಅದನ್ನು ಅಳಿಸಿದ ಯಂತ್ರವೇ ಧರಿಸಿಕೊಂಡಿತು. ಸಂಶೋಧನೆ ಮತ್ತು ದತ್ತಾಂಶ ವಿಶ್ಲೇಷಣೆಯ ವೃತ್ತಿಗಳನ್ನು ಇಂದಿನ ಸ್ವಯಂಚಾಲಿತ ಯಂತ್ರಗಳು ಏನು ಮಾಡಿಯಾವು ಎಂಬ ಪ್ರಶ್ನೆಯನ್ನು ವಿಚಾರಿಸಹೊರಟವರು ಮೊದಲು ಈ ಗಣಕರ ಬಳಿಗೆ ಹೋಗಬೇಕೆಂದು ನನಗೆ ತೋರುತ್ತದೆ.

ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ 1877ರಿಂದ 1919ರವರೆಗೆ ನಿರ್ದೇಶಕರಾಗಿದ್ದ ಎಡ್ವರ್ಡ್ ಪಿಕರಿಂಗ್ ಅವರು ಆಕಾಶವನ್ನು ಗಾಜಿನ ಫಲಕಗಳ ಮೇಲೆ ಛಾಯಾಚಿತ್ರವಾಗಿ ಹಿಡಿಯುವ ಕಾರ್ಯವನ್ನು ಬೃಹತ್ಪ್ರಮಾಣದಲ್ಲಿ ಕೈಗೊಂಡರು. ಉತ್ತರದ ಆಕಾಶವನ್ನು ಅಮೆರಿಕದ ಕೇಂಬ್ರಿಜಿನಿಂದಲೂ, ದಕ್ಷಿಣದ ಆಕಾಶವನ್ನು ಪೆರು ದೇಶದ ಆರೆಕ್ವಿಪದಿಂದಲೂ ಸೆರೆಹಿಡಿದು ತಂದ ಆ ಫಲಕಗಳು ವರ್ಷವರ್ಷಕ್ಕೂ ಸಾವಿರಗಟ್ಟಲೆಯಾಗಿ ಕಪಾಟುಗಳಲ್ಲಿ ತುಂಬಿಕೊಳ್ಳುತ್ತಿರಲಾಗಿ, ಅವುಗಳಲ್ಲಿನ ಒಂದೊಂದು ಚುಕ್ಕೆಯ ಸ್ಥಾನವನ್ನೂ ಪ್ರಭೆಯನ್ನೂ ಅಳೆದು ಬರೆದಿಡುವುದಕ್ಕೆ ಜನ ಬೇಕಾಯಿತು. ಆ ಕೆಲಸಕ್ಕೆ ಅವರು ಸ್ತ್ರೀಯರನ್ನು ನೇಮಿಸಿಕೊಂಡರು. ಸ್ಕಾಟ್ಲೆಂಡಿನಿಂದ ಬಂದು ಅವರ ಮನೆಯಲ್ಲಿಯೇ ಗೃಹಕೃತ್ಯಕ್ಕೆ ಸೇರಿದ್ದ ವಿಲಿಯಮಿನಾ ಫ್ಲೆಮಿಂಗ್ ಈ ಬಳಗದ ಮೊದಲಿಗರಲ್ಲಿ ಒಬ್ಬರು. ಈ ಸ್ತ್ರೀಯರ ಸಂಬಳ ಗಂಟೆಗೆ ಸುಮಾರು 25ರಿಂದ 30 ಸೆಂಟು. ದೂರದರ್ಶಕದ ಹತ್ತಿರ ಕೂರುವ ಅಧಿಕಾರ ಸಾಮಾನ್ಯವಾಗಿ ಅವರಿಗಿರಲಿಲ್ಲ. ಅವರಿಗೆ ಸಿಕ್ಕಿದ ಆಕಾಶವೆಂದರೆ ಗಾಜಿನ ಆಕಾಶ, ಬಿಳಿಯ ಹಿನ್ನೆಲೆಯಲ್ಲಿ ಕರಿಯ ಚುಕ್ಕೆಗಳಾಗಿ ತಲೆಕೆಳಗಾದ ರಾತ್ರಿ.

ಇವರಲ್ಲಿ ಹೆನ್ರಿಯೆಟ್ಟಾ ಸ್ವಾನ್ ಲೀವಿಟ್ ಎಂಬಾಕೆಯ ಮೇಜಿನ ಬಳಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಕಿವಿ ಮಂದವಾಗುತ್ತಿದ್ದ, ಮಾತು ಕಡಮೆಯ ಹೆಂಗಸು. ಓರೆಯಾದ ಮರದ ಚೌಕಟ್ಟಿನಲ್ಲಿ ಫಲಕವನ್ನು ನಿಲ್ಲಿಸಿ, ಕೆಳಗಿನ ಕನ್ನಡಿಯಿಂದ ಬೆಳಕನ್ನು ಅದರ ಮೂಲಕ ಹಾಯಿಸಿ, ಕಣ್ಣಿಗೆ ಭೂತಗಾಜನ್ನು ಹಿಡಿದು ಆಕೆ ಚುಕ್ಕೆಗಳನ್ನು ನೋಡುತ್ತಿದ್ದರು. ಒಂದು ರಾತ್ರಿಯ ಫಲಕದ ಮೇಲೆ ಮತ್ತೊಂದು ರಾತ್ರಿಯ ಚಿತ್ರದ ಪ್ರತಿಯನ್ನು ಕಪ್ಪು ಬಿಳುಪು ಅದಲುಬದಲಾಗುವಂತೆ ಮಾಡಿ ಹೊಂದಿಸಿ ಇಟ್ಟರೆ, ಪ್ರಭೆ ಬದಲಾಗದ ನಕ್ಷತ್ರಗಳು ಪರಸ್ಪರ ಅಳಿಸಿಹೋಗುತ್ತವೆ. ಪ್ರಭೆ ಬದಲಾದ ನಕ್ಷತ್ರವು ಮಾತ್ರ ಕರಿಯ ಅಥವಾ ಬಿಳಿಯ ಅಂಚನ್ನು ಉಳಿಸಿಕೊಂಡು ತನ್ನನ್ನು ತೋರಿಸಿಕೊಡುತ್ತದೆ. ಅನಂತರ, ಹಿಡಿಕೆಯುಳ್ಳ ಪುಟ್ಟ ಗಾಜಿನ ತುಂಡೊಂದರ ಮೇಲೆ ಕ್ರಮವಾಗಿ ದೊಡ್ಡದಾಗುತ್ತ ಹೋಗುವ ಮಾದರಿ ಚುಕ್ಕೆಗಳನ್ನು ಆ ನಕ್ಷತ್ರದ ಪಕ್ಕದಲ್ಲಿ ಹಿಡಿದು, ಯಾವ ಚುಕ್ಕೆಗೆ ಇದು ಸಮವೆಂದು ಕಣ್ಣಂದಾಜಿನಿಂದ ನಿರ್ಣಯಿಸಿ, ಫಲಕದ ಗಾಜಿನ ಮೇಲೆ ಶಾಯಿಯಿಂದ ಗುರುತು ಹಾಕಿ, ಪುಸ್ತಕದಲ್ಲಿ ಅಂಕಿಯನ್ನು ಬರೆಯುವುದು. ಮತ್ತೆ ಮುಂದಿನ ಚುಕ್ಕೆ. ಮೆಗೆಲನ್ ಮೇಘಗಳೆಂದು ಹೆಸರಾದ ಎರಡು ನಕ್ಷತ್ರರಾಶಿಗಳಲ್ಲಿ ಈ ಪ್ರಕಾರ ಆಕೆ ಗುರುತಿಸಿದ ಚಂಚಲಪ್ರಭೆಯ ನಕ್ಷತ್ರಗಳ ಪಟ್ಟಿಯು 1908ರಲ್ಲಿ ಪ್ರಕಟವಾಯಿತು. ಅವುಗಳ ಸಂಖ್ಯೆ 1777.

ಇಷ್ಟೇ ಆಗಿದ್ದರೆ ಅದು ಒಬ್ಬ ಶ್ರಮಜೀವಿಯ ಸ್ತುತ್ಯವಾದ ದುಡಿಮೆಯೆನಿಸಿಕೊಂಡು ಮರೆತುಹೋಗುತ್ತಿದ್ದಿತು. ಆದರೆ ಆ ಪಟ್ಟಿಯ ಜೊತೆಯಲ್ಲಿ ಆಕೆ ಒಂದು ಸಣ್ಣ ಮಾತನ್ನು ಬರೆದಿದ್ದರು: ಪ್ರಭೆ ಏರಿಳಿಯುವ ಅವಧಿಯನ್ನು ಅಳೆಯಲು ಸಾಧ್ಯವಾದ ಕೆಲವು ನಕ್ಷತ್ರಗಳಲ್ಲಿ, ಹೆಚ್ಚು ಪ್ರಭೆಯುಳ್ಳವುಗಳ ಅವಧಿಯೂ ಹೆಚ್ಚಾಗಿರುವಂತೆ ಕಾಣುತ್ತದೆ ಎಂದು. ನಾಲ್ಕು ವರ್ಷಗಳ ಅನಂತರ, 1912ರಲ್ಲಿ, 25 ನಕ್ಷತ್ರಗಳ ಆಧಾರದಿಂದ ಆ ಮಾತು ಒಂದು ನಿಯಮವಾಯಿತು. ಆ ವರದಿಗೆ ಪಿಕರಿಂಗ್ ಅವರ ಸಹಿಯಿದ್ದಿತು. ಸಿದ್ಧಪಡಿಸಿದವರು ಮಿಸ್ ಲೀವಿಟ್ ಎಂಬುದು ಮೊದಲ ವಾಕ್ಯದಲ್ಲಿ ಉಕ್ತವಾಗಿದ್ದಿತು. ಆ ನಿಯಮದ ಬೆಲೆಯನ್ನು ಹೇಳುವುದಾದರೆ: ಕತ್ತಲಲ್ಲಿ ದೂರದ ದೀಪವೊಂದು ಕಂಡರೆ ಅದು ಹತ್ತಿರದ ಹಣತೆಯೋ ದೂರದ ಪಂಜೋ ತಿಳಿಯುವುದಿಲ್ಲ, ಆದರೆ ಅದರ ಮಿಡಿತದ ಅವಧಿಯಿಂದಲೇ ಅದು ಹಣತೆ, ಇದು ಪಂಜು ಎಂದು ಹೇಳಬಹುದಾದರೆ, ಕಣ್ಣಿಗೆ ಕಾಣುವ ಮಂದತೆಯಿಂದ ದೂರವನ್ನು ಲೆಕ್ಕ ಹಾಕಬಹುದು. ಎಡ್ವಿನ್ ಹಬಲ್ ಅವರು 1923ರಲ್ಲಿ ಆಂಡ್ರೊಮಿಡಾ ನೀಹಾರಿಕೆಯಲ್ಲಿ ಇಂತಹ ನಕ್ಷತ್ರವೊಂದನ್ನು ಕಂಡು, ಅದು ನಮ್ಮ ಆಕಾಶಗಂಗೆಯ ಹೊರಗಿರುವ ಬೇರೆಯೇ ಒಂದು ನಕ್ಷತ್ರಲೋಕವೆಂದು ಸ್ಥಾಪಿಸಿದುದು ಈ ಅಳತೆಗೋಲಿನಿಂದಲೇ. ಅಷ್ಟು ಹೊತ್ತಿಗೆ ಲೀವಿಟ್ ತೀರಿಕೊಂಡು ಎರಡು ವರ್ಷವಾಗಿದ್ದಿತು.

ಈ ಕಥೆಯನ್ನು ಸಾಮಾನ್ಯವಾಗಿ ಅನ್ಯಾಯದ ಕಥೆಯಾಗಿ ಹೇಳುವುದುಂಟು, ಅದು ಸತ್ಯವೂ ಹೌದು. ನನ್ನ ಮನಸ್ಸು ಮಾತ್ರ ಅದರಲ್ಲಿನ ಬೇರೊಂದು ಸಂಗತಿಯ ಮೇಲೆ ನೆಟ್ಟಿದೆ. ಲೀವಿಟ್ ಅವರಿಗೆ ಕೊಟ್ಟಿದ್ದುದು ಎಣಿಸುವ ಕೆಲಸ, ಚಿಂತಿಸುವ ಕೆಲಸವಲ್ಲ. ಚಿಂತನೆಯು ಎಣಿಕೆಯ ಮಧ್ಯದಲ್ಲಿ ತಾನಾಗಿಯೇ ಹುಟ್ಟಿತು. ಸಾವಿರಾರು ಚುಕ್ಕೆಗಳನ್ನು ಒಂದೊಂದಾಗಿ ನೋಡಿ ಬರೆದ ಕಣ್ಣಿಗೆ ಮಾತ್ರ, ಈ ಪ್ರಕಾಶಮಾನವಾದವು ನಿಧಾನವಾಗಿ ಮಿಡಿಯುತ್ತವೆಯಲ್ಲ ಎಂಬ ಅರಿವು ಮೂಡಲು ಸಾಧ್ಯವಿದ್ದಿತು. ಬೇಸರದ ದುಡಿಮೆಯನ್ನು ಬೇರೆ, ಬುದ್ಧಿಯ ದುಡಿಮೆಯನ್ನು ಬೇರೆ ಎಂದು ನಾವು ಸುಲಭವಾಗಿ ಭಾಗ ಮಾಡಿಬಿಡುತ್ತೇವೆ. ಆಕೆಯ ಮೇಜಿನ ಮೇಲೆ ಆ ಎರಡರ ನಡುವೆ ಗೆರೆಯಿರಲಿಲ್ಲ.

ಗೆರೆಯನ್ನು ಎಳೆಯುವ ಪ್ರಯತ್ನವಾದರೋ ಅದಕ್ಕೂ ನೂರು ವರ್ಷ ಮೊದಲೇ ಫ್ರಾನ್ಸಿನಲ್ಲಿ ನಡೆದಿದ್ದಿತು. ಕ್ರಾಂತಿಯ ಕಾಲದಲ್ಲಿ ಗಾಸ್ಪಾರ್ ದ ಪ್ರೋನಿಯು ಲಾಗರಿದಮ್ ಕೋಷ್ಟಕಗಳ ಮಹಾಕಾರ್ಯವನ್ನು ವಹಿಸಿಕೊಂಡು, ಸೂತ್ರಗಳನ್ನು ಆರಿಸುವ ಕೆಲವೇ ಗಣಿತಜ್ಞರು, ಆ ಸೂತ್ರಗಳನ್ನು ಅಂಕಿಗಳ ಸಿದ್ಧ ರೂಪಕ್ಕೆ ಇಳಿಸುವ ಮಧ್ಯವರ್ಗ, ಕೂಡುವುದನ್ನೂ ಕಳೆಯುವುದನ್ನೂ ಬಿಟ್ಟು ಬೇರೇನನ್ನೂ ಅರಿಯಬೇಕಾಗಿಲ್ಲದ 60ರಿಂದ 80 ಮಂದಿಯ ಕೆಳವರ್ಗ ಎಂದು ತನ್ನ ಜನರನ್ನು ಮೂರಾಗಿ ವಿಂಗಡಿಸಿದನು. ಆ ಕೆಳವರ್ಗದಲ್ಲಿ ಶ್ರೀಮಂತರ ಕೃತಕ ಕೇಶವನ್ನು ಸಿಂಗರಿಸುತ್ತಿದ್ದು ಕ್ರಾಂತಿಯಿಂದ ನಿರುದ್ಯೋಗಿಗಳಾದವರು ಅನೇಕರಿದ್ದರೆಂದು ಪ್ರತೀತಿ. ಕೂಡುವುದು ಕಳೆಯುವುದು ಮಾತ್ರವೇ ಆದ ಮೇಲೆ ಅದಕ್ಕೆ ಮನುಷ್ಯನೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ಆ ಪ್ರಶ್ನೆಯನ್ನು ಹಿಡಿದೇ ತನ್ನ ಗಣನಯಂತ್ರದ ಕಲ್ಪನೆಯನ್ನು ಬೆಳೆಸಿದನು.

ನಮ್ಮ ನಾಡಿನಲ್ಲಿ ಹುಟ್ಟಿದ ಒಬ್ಬ ಮಹನೀಯರ ಜೀವನದಲ್ಲಿಯೂ ಈ ಎಣಿಕೆ ಮತ್ತು ಚಿಂತನೆಗಳ ಸಖ್ಯ ಕಾಣುತ್ತದೆ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಗಣಿತದ ಪದವಿಯ ಅನಂತರ 1941ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. ಪ್ರಶಾಂತಚಂದ್ರ ಮಹಲನೋಬಿಸರು ಕಟ್ಟಿದ ಆ ಸಂಸ್ಥೆಯಲ್ಲಿ ಸೆಣಬಿನ ಬೆಳೆಯ ಸಮೀಕ್ಷೆ, ಜನರ ದೇಹದ ಅಳತೆಗಳ ಸಮೀಕ್ಷೆ ಮುಂತಾದವುಗಳಿಂದ ಬಂದ ಅಂಕಿಗಳ ರಾಶಿಯನ್ನು ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರಗಳಿಂದ ಸಂಸ್ಕರಿಸುತ್ತಿದ್ದ ಕಾಲ ಅದು. ಅಂಕಿಗಳ ಆ ಧೂಳಿನಲ್ಲಿ ಕುಳಿತಿದ್ದ ತರುಣನೇ 1945ರಲ್ಲಿ, ದೊರೆತ ದತ್ತಾಂಶದಿಂದ ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲುದು ಎಂಬುದಕ್ಕೆ ಒಂದು ಮೇರೆಯನ್ನು ಹಾಕಿಕೊಟ್ಟುದು. ಇಂದು ಪ್ರಪಂಚದ ಯಾವ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಯೂ ಅದನ್ನು ಕಲಿಯದೆ ಮುಂದೆ ಹೋಗುವಂತಿಲ್ಲ. ಮರುವರ್ಷ ಅವರು ಇಂಗ್ಲೆಂಡಿನ ಕೇಂಬ್ರಿಜಿಗೆ ಹೋದುದು ಸೂಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸುವುದಕ್ಕಾಗಿ. ಮೂಳೆಗಳ ಅಳತೆಯೆಂದರೆ ಅತ್ಯಂತ ನೀರಸವಾದ ಕೆಲಸವೆಂದು ಹೊರಗಿನವರಿಗೆ ತೋರಬಹುದು. 102 ವರ್ಷ ಬಾಳಿ 2023ರಲ್ಲಿ ತೀರಿಕೊಂಡ ಅವರ ಕೀರ್ತಿಯ ಬುನಾದಿಯಲ್ಲಿ ಇಂತಹ ನೀರಸವಾದ ಕೆಲಸಗಳೇ ಇವೆ.

ವಿದ್ಯುನ್ಮಾನ ಯಂತ್ರಗಳು ಬಂದಾಗ ಗಣಕರ ಗತಿ ಏನಾಯಿತು? ಎಲ್ಲರದೂ ಒಂದೇ ಗತಿಯಾಗಲಿಲ್ಲ. ಅಮೆರಿಕದ ಲ್ಯಾಂಗ್ಲಿಯ ವಿಮಾನ ಸಂಶೋಧನಾ ಕೇಂದ್ರದಲ್ಲಿ ಕರಿಯ ಸ್ತ್ರೀಗಣಕರ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದ ಡೊರೊತಿ ವಾನ್ ಅವರು, ಬರಲಿರುವ ಯಂತ್ರವು ತಮ್ಮ ವಿಭಾಗವನ್ನೇ ನುಂಗಲಿದೆಯೆಂದು ಮೊದಲೇ ತಿಳಿದು, ಫೋರ್ಟ್ರಾನ್ ಎಂಬ ಪ್ರೋಗ್ರಾಮಿನ ಭಾಷೆಯನ್ನು ತಾವು ಕಲಿತು ಸಹೋದ್ಯೋಗಿಗಳಿಗೂ ಕಲಿಸಿದರು. 1962ರ ಫೆಬ್ರವರಿ 20ರಂದು ಗಗನಯಾತ್ರಿ ಜಾನ್ ಗ್ಲೆನ್ ಭೂಮಿಯನ್ನು ಸುತ್ತಿಬರಲು ಹೊರಡುವ ಮುನ್ನ, ಯಂತ್ರವು ಕೊಟ್ಟ ಪಥದ ಅಂಕಿಗಳನ್ನು ಅದೇ ಕೇಂದ್ರದ ಗಣಕಿ ಕ್ಯಾಥರೀನ್ ಜಾನ್ಸನ್ ಅವರು ಕೈಲೆಕ್ಕದಿಂದ ಪರೀಕ್ಷಿಸಿ ಒಪ್ಪಬೇಕೆಂದು ಬಯಸಿದನೆಂಬುದು ಪ್ರಸಿದ್ಧವಾದ ಸಂಗತಿ. ಯಂತ್ರವನ್ನು ಪರೀಕ್ಷಿಸಬಲ್ಲವರು ಉಳಿದುದು, ಯಂತ್ರ ಬರುವುದಕ್ಕೆ ಮೊದಲು ಅವರು ಅದೇ ಲೆಕ್ಕವನ್ನು ವರ್ಷಗಟ್ಟಲೆ ತಾವೇ ಮಾಡಿದ್ದುದರಿಂದ ಎಂಬುದನ್ನು ಓದುಗರು ಗಮನಿಸಬೇಕು. ಈ ಅಂಶಕ್ಕೆ ಮತ್ತೆ ಬರುತ್ತೇನೆ.

ಈಗ ನಮ್ಮ ಕಾಲಕ್ಕೆ ಬರೋಣ. ಕಳೆದ ಕೆಲವು ವರ್ಷಗಳಲ್ಲಿ ಸ್ವಯಂಚಾಲಿತ ಯಂತ್ರವು ಸಂಶೋಧನೆಯ ಒಂದು ಇಡೀ ಶಾಖೆಯನ್ನೇ ಅಲುಗಿಸಿದ ಉದಾಹರಣೆಯೆಂದರೆ ಪ್ರೋಟೀನುಗಳ ಆಕೃತಿಯ ವಿಚಾರ. ಪ್ರೋಟೀನು ಅಮೈನೋ ಆಮ್ಲಗಳ ಉದ್ದವಾದ ಸರ. ಆ ಸರವು ಜೀವಕೋಶದಲ್ಲಿ ತನ್ನಷ್ಟಕ್ಕೆ ತಾನು ಮಡಿಚಿಕೊಂಡು ಒಂದು ನಿರ್ದಿಷ್ಟ ಆಕೃತಿಯನ್ನು ತಾಳುತ್ತದೆ. ಅದರ ಗುಣವೆಲ್ಲ ಆ ಆಕೃತಿಯಲ್ಲಿದೆ. ಆಕೃತಿಯನ್ನು ಅರಿಯಬೇಕಾದರೆ ಪ್ರೋಟೀನನ್ನು ಶುದ್ಧಗೊಳಿಸಿ, ಹರಳುಗಟ್ಟಿಸಿ, ಆ ಹರಳಿನ ಮೂಲಕ ಎಕ್ಸ್-ಕಿರಣವನ್ನು ಹಾಯಿಸಿ, ಚೆದರಿ ಬಿದ್ದ ಚುಕ್ಕೆಗಳಿಂದ ಹಿಂದಕ್ಕೆ ಲೆಕ್ಕ ಹಾಕಬೇಕಾಗಿದ್ದಿತು. ಮ್ಯಾಕ್ಸ್ ಪೆರುಟ್ಜ್ ಅವರು ಹಿಮೋಗ್ಲೋಬಿನ್ ಕೆಲಸವನ್ನು ಆರಂಭಿಸಿದುದು 1937ರಲ್ಲಿ. ಆಕೃತಿ ಕಂಡುದು 1959ರಲ್ಲಿ. ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಅವರೂ ಅವರ ಸಹೋದ್ಯೋಗಿಗಳಾದ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೂ ಅಮೈನೋ ಆಮ್ಲದ ಸರವು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲುದು, ಯಾವ ಕೋನದಲ್ಲಿ ಪರಮಾಣುಗಳು ಒಂದನ್ನೊಂದು ಡಿಕ್ಕಿ ಹೊಡೆಯುತ್ತವೆ ಎಂಬುದನ್ನು ಲೆಕ್ಕ ಹಾಕಿ 1963ರಲ್ಲಿ ಒಂದು ನಕಾಶೆಯನ್ನು ಪ್ರಕಟಿಸಿದರು. ಅದೇ ರಾಮಚಂದ್ರನ್ ನಕಾಶೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದರು.

ಒಂದೊಂದಾಗಿ ದೊರೆತ ಆಕೃತಿಗಳನ್ನು ಕೂಡಿಡುವ ಭಂಡಾರವು 1971ರಲ್ಲಿ ಆರಂಭವಾದಾಗ ಅದರಲ್ಲಿದ್ದುದು ಏಳೇ ಆಕೃತಿಗಳು. ಅರ್ಧ ಶತಮಾನದಲ್ಲಿ ಅದು ಒಂದೂವರೆ ಲಕ್ಷವನ್ನು ದಾಟಿತು. ಒಂದೊಂದರ ಹಿಂದೆಯೂ ಯಾರೋ ಒಬ್ಬ ವಿದ್ಯಾರ್ಥಿಯ ತಿಂಗಳುಗಳು, ಅನೇಕ ವೇಳೆ ವರ್ಷಗಳು ಸಂದಿವೆ. ಆ ಭಂಡಾರವನ್ನೇ ಪಾಠಪುಸ್ತಕವನ್ನಾಗಿ ಮಾಡಿಕೊಂಡು ಕಲಿತ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಯ ವ್ಯವಸ್ಥೆಯು 2020ರ ಸ್ಪರ್ಧೆಯೊಂದರಲ್ಲಿ, ಸರದ ಕ್ರಮವನ್ನು ಮಾತ್ರ ಓದಿ, ಪ್ರಯೋಗದಿಂದ ಕಂಡ ಆಕೃತಿಗೆ ಬಹಳ ಸಮೀಪವಾದ ಆಕೃತಿಗಳನ್ನು ಹೇಳಿತು. 2022ರ ಹೊತ್ತಿಗೆ ಅದು ಊಹಿಸಿ ಪ್ರಕಟಿಸಿದ ಆಕೃತಿಗಳು 20 ಕೋಟಿಗೂ ಮಿಗಿಲು. 2024ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕದ ಅರ್ಧ ಭಾಗವು ಇದನ್ನು ನಿರ್ಮಿಸಿದ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಸಂದಿತು.

ಹಾಗಾದರೆ ಹರಳು ಬೆಳೆಸುವವರ ವೃತ್ತಿ ಮುಗಿಯಿತೆ? ಮುಗಿಯಲಿಲ್ಲ, ಸ್ಥಾನ ಪಲ್ಲಟವಾಯಿತು. ಹಿಂದೆ ಆಕೃತಿಯನ್ನು ಕಾಣುವುದೇ ಒಂದು ಪ್ರೌಢಪ್ರಬಂಧದ ಫಲವಾಗಿದ್ದರೆ ಇಂದು ಊಹೆಯ ಆಕೃತಿಯು ಮೊದಲ ದಿನವೇ ಕೈಯಲ್ಲಿರುತ್ತದೆ, ಪ್ರಶ್ನೆಯು ಅಲ್ಲಿಂದ ಮುಂದಕ್ಕೆ ಹೊರಡುತ್ತದೆ. ಔಷಧದ ಅಣುವೊಂದು ಬಂದು ಕೂತಾಗ ಈ ಪ್ರೋಟೀನು ಹೇಗೆ ಬಾಗುತ್ತದೆ? ಈ ಸಡಿಲವಾದ ತುದಿಗೆ ನಿಜವಾಗಿ ಸ್ಥಿರವಾದ ಆಕೃತಿಯೇ ಇಲ್ಲವೋ, ಅಥವಾ ಯಂತ್ರಕ್ಕೆ ತಿಳಿಯಲಿಲ್ಲವೋ? ಇಂತಹ ಪ್ರಶ್ನೆಗಳಿಗೆ ಉತ್ತರ ಬರುವುದು ಪ್ರಯೋಗದಿಂದಲೇ. ಯಂತ್ರದ ಉತ್ತರವನ್ನು ಒರೆಗೆ ಹಚ್ಚುವಾಗ ಸಂಶೋಧಕರು ಇಂದಿಗೂ ತೆರೆದು ನೋಡುವುದು ಮದರಾಸಿನ ಆ ನಕಾಶೆಯನ್ನು.

ಎಲ್ಲ ಕ್ಷೇತ್ರಗಳಲ್ಲಿಯೂ ಫಲವು ಇಷ್ಟು ನಿರ್ಮಲವಾಗಿ ಬಂದಿಲ್ಲ. ಅಮೆರಿಕದ ಬರ್ಕ್ಲಿಯ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಯಂತ್ರಗಳೇ ಪುಡಿಗಳನ್ನು ಬೆರಸಿ, ಕುಲುಮೆಯಲ್ಲಿ ಕಾಯಿಸಿ, ಫಲವನ್ನು ಪರೀಕ್ಷಿಸುವ ಸ್ವಯಂಚಾಲಿತ ಪ್ರಯೋಗಶಾಲೆಯೊಂದು 17 ದಿನಗಳಲ್ಲಿ 41 ಹೊಸ ವಸ್ತುಗಳನ್ನು ತಯಾರಿಸಿತೆಂದು 2023ರಲ್ಲಿ ಪ್ರಕಟವಾಯಿತು. ಲಂಡನ್ ಮತ್ತು ಪ್ರಿನ್ಸ್‌ಟನ್ನಿನ ರಸಾಯನವಿಜ್ಞಾನಿಗಳು ಅದೇ ದತ್ತಾಂಶವನ್ನು ತಾವು ಕೂತು ನೋಡಿ, ಯಂತ್ರವು ಎಕ್ಸ್-ಕಿರಣದ ನಕ್ಷೆಗಳನ್ನು ಅರ್ಥೈಸಿದ ರೀತಿ ದೋಷಯುಕ್ತವೆಂದೂ, ಹೊಸವೆಂದು ಹೇಳಿದವುಗಳಲ್ಲಿ ಅನೇಕವು ಹಿಂದೆಯೇ ತಿಳಿದಿದ್ದ ವಸ್ತುಗಳೆಂದೂ ವಾದಿಸಿದರು. ಯಂತ್ರದ ಕೈ ಚುರುಕಾಗಿದ್ದಿತು. ಕೊರತೆಯಿದ್ದುದು ಇಂತಹ ನಕ್ಷೆಗಳನ್ನು ಸಾವಿರ ಬಾರಿ ನೋಡಿ ಪಳಗಿದ ಕಣ್ಣಿಗೆ.

ಪಳಗಿದ ಕಣ್ಣೆಂದರೇನು ಎಂಬುದನ್ನು ನಾನು ಹತ್ತಿರದಿಂದ ಕಂಡುದು ಒಂದು ಮಳೆಯ ಲೆಕ್ಕದಲ್ಲಿ. ನನ್ನ ತಮ್ಮನ ಮಗಳು ಬೆಂಗಳೂರಿನ ಒಂದು ಕಚೇರಿಯಲ್ಲಿ ಡೇಟಾ ಅನಲಿಸ್ಟ್. ಕಳೆದ ಬೇಸಗೆಯಲ್ಲಿ ಮನೆಗೆ ಬಂದವಳು ತಿಂಡಿಯ ತಟ್ಟೆಯನ್ನು ಪಕ್ಕಕ್ಕಿಟ್ಟು ಲ್ಯಾಪ್‌ಟಾಪನ್ನು ತೆರೆದು, ಕೆಲವು ತಾಲ್ಲೂಕುಗಳ ಹಲವು ವರ್ಷಗಳ ದಿನವಹಿ ಮಳೆಯ ಅಂಕಿಗಳನ್ನು ಯಂತ್ರಕ್ಕೆ ಕೊಟ್ಟು ವಿಶ್ಲೇಷಿಸಲು ಹೇಳಿದಳು. ನಾವು ಕಾಫಿ ಕುಡಿದು ಮುಗಿಸುವುದರೊಳಗಾಗಿ ಅದು ಅಂಕಿಗಳನ್ನು ಶುಚಿಗೊಳಿಸಿ, ಪ್ರೋಗ್ರಾಮನ್ನು ತಾನೇ ಬರೆದು, ಸೊಗಸಾದ ರೇಖಾಚಿತ್ರಗಳನ್ನು ಬಿಡಿಸಿ, ಕೆಳಗೆ ಎರಡು ಪುಟಗಳ ಟಿಪ್ಪಣಿಯನ್ನೂ ಸಿದ್ಧಪಡಿಸಿತು. ನನಗಾದರೋ ಆಶ್ಚರ್ಯದಿಂದ ಮಾತೇ ಹೊರಡಲಿಲ್ಲ. ಅವಳು ಮಾತ್ರ ಒಂದು ಚಿತ್ರದ ಮೇಲೆ ಬೆರಳಿಟ್ಟು ಸುಮ್ಮನೆ ನೋಡುತ್ತ ಕುಳಿತಳು.

"ಏನಮ್ಮ, ತಪ್ಪಿದೆಯೇನು?" ಎಂದೆ.

"ಈ ಕೇಂದ್ರದಲ್ಲಿ ಭಾನುವಾರ ಮಳೆಯೇ ಇಲ್ಲ ನೋಡಿ, ದೊಡ್ಡಪ್ಪ. ಸೋಮವಾರ ಮಾತ್ರ ಜಾಸ್ತಿ. ಭಾನುವಾರ ಮಳೆಮಾಪಕ ನೋಡೋರು ರಜದಲ್ಲಿರ್ತಾರೆ. ಸೋಮವಾರ ಬೆಳಿಗ್ಗೆ ಬಂದು ಎರಡು ದಿನದ್ದೂ ಸೇರಿಸಿ ಬರೀತಾರೆ, ಭಾನುವಾರಕ್ಕೆ ಸೊನ್ನೆ ಹಾಕ್ತಾರೆ."

ಯಂತ್ರದ ಟಿಪ್ಪಣಿಯಲ್ಲಿ ಆ ಸೋಮವಾರಗಳ ಮಳೆಯು ಅತಿವೃಷ್ಟಿಯ ಘಟನೆಗಳೆಂದು ದಾಖಲಾಗಿದ್ದಿತು. ಅತಿವೃಷ್ಟಿ ಹೆಚ್ಚುತ್ತಿದೆಯೆಂದು ಅದರ ಆಧಾರದಿಂದ ಯಾರಾದರೂ ಮೋರಿಯ ಅಗಲವನ್ನೋ ಬೆಳೆವಿಮೆಯ ಕಂತನ್ನೋ ನಿಶ್ಚಯಿಸಬಹುದಾಗಿದ್ದಿತು. ಇದು ನಿನಗೆ ಹೇಗೆ ಹೊಳೆಯಿತೆಂದು ನಾನು ಕೇಳಿದುದಕ್ಕೆ ಅವಳು ಕೊಟ್ಟ ಉತ್ತರವನ್ನು ನಾನು ಮರೆಯಲಾರೆ: ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಹಳೆಯ ಮಳೆ ಪುಸ್ತಕಗಳ ಹಾಳೆಗಳನ್ನು ನೋಡಿಕೊಂಡು ಅಂಕಿಗಳನ್ನು ತಾನೇ ಟೈಪು ಮಾಡಿದ್ದಳಂತೆ; ಒಂದೇ ಶಾಯಿ, ಒಂದೇ ಬರಹದಲ್ಲಿ ಭಾನುವಾರ ಸೋಮವಾರಗಳೆರಡೂ ಒಟ್ಟಿಗೆ ಬರೆದಿರುವುದು ಕಂಡು ಆಗಲೇ ಅನುಮಾನ ಬಂದಿದ್ದಿತಂತೆ. ಆಮೇಲೆ ಅವಳು ಸಣ್ಣ ದನಿಯಲ್ಲಿ, "ಈಗ ಬರೋ ಹೊಸಬರಿಗೆ ಆ ಕೆಲಸ ಇಲ್ಲ, ದೊಡ್ಡಪ್ಪ. ಹೊಸಬರನ್ನ ತಗೊಳ್ಳೋದೂ ಕಡಮೆ ಆಗಿದೆ" ಎಂದಳು.

ಪ್ರಕೃತ ವಿಷಯದ ಮರ್ಮವು ಆ ಎರಡು ವಾಕ್ಯಗಳಲ್ಲಿದೆಯೆಂದು ನನ್ನ ನಂಬಿಕೆ. ಯಂತ್ರದಿಂದ ಎಷ್ಟು ಹುದ್ದೆಗಳು ಹೋದಾವು ಎಂಬ ಪ್ರಶ್ನೆಯನ್ನೇ ಎಲ್ಲರೂ ಕೇಳುತ್ತಾರೆ, ಅದಕ್ಕೆ ಭವಿಷ್ಯ ನುಡಿದವರು ಪದೇ ಪದೇ ಎಡವಿದ್ದಾರೆ. ಕೃತಕ ಬುದ್ಧಿಯ ಪ್ರವರ್ತಕರಲ್ಲಿ ಅಗ್ರಗಣ್ಯರಾದ ಜೆಫ್ರಿ ಹಿಂಟನ್ ಅವರು 2016ರಲ್ಲಿ, ಎಕ್ಸ್-ಕಿರಣ ಚಿತ್ರಗಳನ್ನು ಓದುವ ವೈದ್ಯರನ್ನು ತರಬೇತು ಮಾಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷಗಳಲ್ಲಿ ಯಂತ್ರವು ಅವರಿಗಿಂತ ಚೆನ್ನಾಗಿ ಓದುವುದು ಎಂದರು. ಐದು ವರ್ಷ ಕಳೆದು ಮತ್ತೆ ಕೆಲವು ವರ್ಷಗಳಾದುವು. ಅನೇಕ ದೇಶಗಳಲ್ಲಿ ಆ ವೈದ್ಯರ ಅಭಾವವೇ ಮುಂದುವರಿದಿದೆ. ನನಗೆ ಅದಕ್ಕಿಂತ ಗುರುತರವಾಗಿ ತೋರುವ ಪ್ರಶ್ನೆ ಬೇರೆ: ಅನುಭವಿಯ ಕೆಲಸ ಉಳಿಯುತ್ತದೆ, ಹೊಸಬನ ಕೆಲಸ ಹೋಗುತ್ತದೆ ಎಂದಾದರೆ, ನಾಳೆಯ ಅನುಭವಿ ಎಲ್ಲಿಂದ ಬರಬೇಕು? ಅಂಕಿಗಳನ್ನು ಹೊಂದಿಸುವುದು, ಬಿಟ್ಟುಹೋದ ಕೋಷ್ಠಗಳನ್ನು ಹುಡುಕುವುದು, ಒಂದೇ ಊರಿನ ಹೆಸರನ್ನು ನಾಲ್ಕು ಬಗೆಯ ಕಾಗುಣಿತದಲ್ಲಿ ಬರೆದಿರುವುದನ್ನು ಒಂದು ಮಾಡುವುದು, ಬೇರೆ ಬೇರೆ ತಾಲ್ಲೂಕುಗಳ ಹೊಸಹಳ್ಳಿಗಳು ಒಂದೇ ಹೊಸಹಳ್ಳಿಯಾಗಿಬಿಡದಂತೆ ಕಾಯುವುದು, ಇವೆಲ್ಲ ಅತ್ಯಂತ ಕೆಳಗಿನ ಮೆಟ್ಟಿಲಿನ ಕೆಲಸಗಳೇ ಸರಿ. ಆದರೆ ನಿಚ್ಚಣಿಗೆಯ ಕೆಳಗಿನ ಮೆಟ್ಟಿಲುಗಳನ್ನು ತೆಗೆದುಬಿಟ್ಟರೆ ಮೇಲಿನ ಮೆಟ್ಟಿಲಿಗೆ ಕಾಲಿಡುವ ಬಗೆ ಹೇಗೆ?

ಯಂತ್ರವು ಮಾಡುವ ತಪ್ಪುಗಳ ಸ್ವಭಾವವನ್ನು ನೋಡಿದರೆ ಈ ಚಿಂತೆ ಇನ್ನೂ ಬಲಿಯುತ್ತದೆ. ಮನುಷ್ಯನಿಗೆ SEPT2 ಎಂಬ ಅಕ್ಷರಗಳಿಂದ ಗುರುತಾಗುತ್ತಿದ್ದ ಸೆಪ್ಟಿನ್-2 ಎಂಬ ಜೀನನ್ನು ಎಕ್ಸೆಲ್ ಹಾಳೆಯಲ್ಲಿ ಬರೆದರೆ ಅದು ಸೆಪ್ಟೆಂಬರ್ ಎರಡನೆಯ ತಾರೀಖು ಎಂದು ತಿಳಿದು ಯಾರನ್ನೂ ಕೇಳದೆ ಬದಲಾಯಿಸಿಬಿಡುತ್ತಿದ್ದಿತು. ಎಕ್ಸೆಲ್ ಹಾಳೆಗಳಲ್ಲಿ ಜೀನುಗಳ ಪಟ್ಟಿಯನ್ನು ಲಗತ್ತಿಸಿದ್ದ ಸಂಶೋಧನ ಲೇಖನಗಳಲ್ಲಿ ಸುಮಾರು ಐದನೆಯ ಒಂದು ಭಾಗದಲ್ಲಿ ಇಂತಹ ದೋಷ ನುಸುಳಿದೆಯೆಂದು 2016ರ ಪರಿಶೀಲನೆಯೊಂದು ತೋರಿಸಿತು. ಕಡೆಗೆ ಯಂತ್ರವನ್ನು ತಿದ್ದಲಾರದೆ ಜೀನುಗಳ ಹೆಸರನ್ನೇ ಬದಲಾಯಿಸಬೇಕಾಯಿತು. ಕೋವಿಡ್ ಕಾಲದಲ್ಲಿ ಎದೆಯ ಎಕ್ಸ್-ಕಿರಣ ಚಿತ್ರದಿಂದ ರೋಗವನ್ನು ಗುರುತಿಸುವ ಯಂತ್ರಗಳನ್ನು ಅನೇಕರು ರಚಿಸಿದರು. ಅವುಗಳಲ್ಲಿ ಕೆಲವಕ್ಕೆ ರೋಗಿಗಳ ಚಿತ್ರಗಳಾಗಿ ದೊಡ್ಡವರವನ್ನೂ, ಆ ರೋಗವಿಲ್ಲದವರ ಚಿತ್ರಗಳಾಗಿ ಒಂದರಿಂದ ಐದು ವರ್ಷದ ಮಕ್ಕಳವನ್ನೂ ಕೊಟ್ಟಿದ್ದರು. ಯಂತ್ರವು ಮಗುವಿನ ಎದೆಗೂ ದೊಡ್ಡವರ ಎದೆಗೂ ಇರುವ ವ್ಯತ್ಯಾಸವನ್ನು ಕಲಿತು ರೋಗವನ್ನು ಕಂಡುಹಿಡಿದಂತೆ ಉತ್ತರ ಹೇಳುವ ಸಂಭವವಿದ್ದಿತು. ಇಂತಹ ತಪ್ಪು ಸೋತ ಮುಖದಿಂದ ಬರುವುದಿಲ್ಲ. ಶುದ್ಧವಾದ ಕೋಷ್ಟಕದಲ್ಲಿ, ನಿಸ್ಸಂದೇಹವಾದ ಭಾಷೆಯಲ್ಲಿ, ಒಪ್ಪವಾದ ರೇಖಾಚಿತ್ರದ ಜೊತೆಯಲ್ಲಿ ಬರುತ್ತದೆ. ಮೂಲದ ಚಿತ್ರಗಳನ್ನು ಒಂದು ಮಧ್ಯಾಹ್ನ ಕೂತು ಒಂದೊಂದಾಗಿ ನೋಡಿದವರಿಗಲ್ಲದೆ ಅನ್ಯರಿಗೆ ಅದು ಕಾಣಿಸುವಂತಹುದಲ್ಲ.

ಆದುದರಿಂದ ಹಳೆಯ ದುಡಿಮೆಯನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದು ನಾನು ವಾದಿಸುತ್ತಿಲ್ಲ. ಚಿಲಿ ದೇಶದ ವೆರಾ ರೂಬಿನ್ ವೀಕ್ಷಣಾಲಯವು ಒಂದು ರಾತ್ರಿಗೆ ಸುಮಾರು 20 ಟೆರಾಬೈಟುಗಳಷ್ಟು ದತ್ತಾಂಶವನ್ನು ತರುವಂತೆ ಯೋಜಿತವಾಗಿದೆ. ಆಕಾಶದಲ್ಲಿ ಬದಲಾದುದರ ಬಗೆಗೆ ಅದು ಪ್ರತಿ ರಾತ್ರಿ ಕಳುಹಿಸಬಹುದಾದ ಸೂಚನೆಗಳು ಸುಮಾರು ಒಂದು ಕೋಟಿ. ಲೀವಿಟ್ ಅವರಂತಹವರು ಸಾವಿರ ಮಂದಿ ಕೂತರೂ ಅದನ್ನು ಕಣ್ಣಿನಿಂದ ನೋಡಿ ಮುಗಿಸಲಾರರು. ಯಂತ್ರವಿಲ್ಲದೆ ಇಂದಿನ ವಿಜ್ಞಾನ ಒಂದು ದಿನವೂ ನಡೆಯದು. ಅನೇಕರ ಯೌವನವು ಅರ್ಥವಿಲ್ಲದ ನಕಲು ಕೆಲಸದಲ್ಲಿ ಸವೆಯುವುದು ತಪ್ಪಿದರೆ ಅದನ್ನು ಸಂತೋಷದಿಂದ ಸ್ವಾಗತಿಸಬೇಕು. ಆದರೆ ಸಂಗೀತ ಕಲಿಯುವ ಮಗುವಿಗೆ ಸರಳೆ ಜಂಟಿವರಸೆಗಳನ್ನು ಹಾಡಿಸುವುದು ಸಭೆಗೆ ಅವು ಬೇಕೆಂದಲ್ಲವಷ್ಟೆ. ಹಿಂದೆ ಕಚೇರಿಯ ಅಗತ್ಯಕ್ಕಾಗಿ ನಡೆಯುತ್ತಿದ್ದ ಕೆಲಸದಲ್ಲಿ ಶಿಕ್ಷಣವು ಉಚಿತವಾಗಿ ಸೇರಿಕೊಂಡು ಬರುತ್ತಿದ್ದಿತು. ಆ ಅಗತ್ಯವು ತೀರಿದ ಮೇಲೆ ಶಿಕ್ಷಣವನ್ನು ಬೇರೆಯಾಗಿ, ಖರ್ಚು ಮಾಡಿ, ತಿಳಿದು ತಿಳಿದು ಕೊಡಬೇಕಾಗುತ್ತದೆ. ನಮ್ಮ ವಿಶ್ವವಿದ್ಯಾನಿಲಯಗಳೂ ಬೆಂಗಳೂರಿನ ಸಂಸ್ಥೆಗಳೂ ಈ ಖರ್ಚಿಗೆ ಇನ್ನೂ ಮನಸ್ಸು ಮಾಡಿದಂತೆ ನನಗೆ ಕಾಣುವುದಿಲ್ಲ, ಇದು ದೊಡ್ಡ ಕೊರತೆ. ಹೊಸಬರನ್ನು ತೆಗೆದುಕೊಳ್ಳದೆ ಉಳಿಸಿದ ಸಂಬಳವು ಹತ್ತು ವರ್ಷಗಳ ಮೇಲೆ ಪರೀಕ್ಷಕರಿಲ್ಲದ ಕಚೇರಿಯಾಗಿ ಅವರಿಗೇ ಹಿಂದಿರುಗುತ್ತದೆ.

ಈ ವೃತ್ತಿಗಳಿಗೆ ಕಾಲಿಡುತ್ತಿರುವ ತರುಣ ತರುಣಿಯರಲ್ಲಿ ನನ್ನದೊಂದು ವಿಜ್ಞಾಪನೆ: ಯಾವ ದತ್ತಾಂಶವನ್ನಾದರೂ ಯಂತ್ರಕ್ಕೆ ಒಪ್ಪಿಸುವ ಮುನ್ನ ಅದರ ನೂರು ಸಾಲುಗಳನ್ನು ನೀವೇ ಓದಿರಿ. ಸಾಧ್ಯವಾದರೆ ಆ ಅಂಕಿಯನ್ನು ಬರೆದವರು ಯಾರು, ಯಾವ ಹೊತ್ತಿನಲ್ಲಿ, ಯಾವ ಸಾಧನದಿಂದ ಬರೆದರು ಎಂಬುದನ್ನು ಸ್ಥಳಕ್ಕೆ ಹೋಗಿ ಕೇಳಿರಿ. ಮಳೆಯ ಅಂಕಿಯಾದರೆ ಮಳೆಮಾಪಕವನ್ನೊಮ್ಮೆ ಮುಟ್ಟಿ ನೋಡಿರಿ. ಇದನ್ನು ಯಾರೂ ನಿಮಗೆ ಹೇಳಲಾರರು, ಇದಕ್ಕೆ ಸಂಬಳವನ್ನೂ ಕೊಡಲಾರರು.

ಹಾರ್ವರ್ಡಿನ ಗಾಜಿನ ಫಲಕಗಳು ಇಂದಿಗೂ ಇವೆ. ಅವುಗಳ ಸಂಖ್ಯೆ ಐದು ಲಕ್ಷಕ್ಕೂ ಹೆಚ್ಚು. ಯಂತ್ರಗಳು ಓದಲು ಅನುಕೂಲವಾಗಲೆಂದು ಅವುಗಳಲ್ಲಿ ನಾಲ್ಕು ಲಕ್ಷಕ್ಕೂ ಮೇಲ್ಪಟ್ಟವನ್ನು ಕಳೆದ ಎರಡು ದಶಕಗಳಲ್ಲಿ ಸ್ಕ್ಯಾನ್ ಮಾಡಿದ್ದಾರೆ. ಗಾಜಿನ ಹಿಂಬದಿಯಲ್ಲಿ ಆ ಸ್ತ್ರೀಯರು ಶಾಯಿಯಿಂದ ಹಾಕಿದ್ದ ಬಾಣಗಳೂ ವೃತ್ತಗಳೂ ಅಂಕಿಗಳೂ ನಕ್ಷತ್ರಗಳನ್ನು ಮರೆಮಾಡುತ್ತಿದ್ದುದರಿಂದ, ಪ್ರತಿ ಫಲಕದ ಗುರುತುಗಳ ಛಾಯಾಚಿತ್ರವನ್ನು ಮೊದಲು ತೆಗೆದಿಟ್ಟುಕೊಂಡು, ಅನಂತರ ಶಾಯಿಯನ್ನು ತೊಳೆದರು. ಕೆಲವು ಫಲಕಗಳನ್ನು ಮಾತ್ರ ತೊಳೆಯದೆ ಹಾಗೆಯೇ ಇಟ್ಟಿದ್ದಾರೆ.